ನಾಗವೇಣಿಗೊಂದು ನೈಟಿ

ಕಾರ್ಗಲ್ಲಿನ ಹೂವಮ್ಮ ನೈಟಿ ಹಾಕುವವಳಲ್ಲ. ಬೆಳಗ್ಗೆ ಆರಕ್ಕೆ ಉಟ್ಟ ಸೀರೆ ಹಾಸಿಗೆ ಬಿಡಿಸುವ ತನಕ ಅವಳ ಮೈಮೇಲೇ ಇರುತ್ತದೆ. ಆದರೂ ಊರಿನ ಅರ್ಧಕ್ಕರ್ಧ ಹೆಂಗಸರ ನೈಟಿಗಳು ಅವಳ ಕತ್ತರಿ ಕಂಡು ಬಂದವೇ. ಸಾಗರದ ಅಂಗಡಿಗಳಲ್ಲಿ ಕೊಂಡ ನೈಟಿ, ಉದ್ದ ಕುರ್ತಾ, ಅಗಲ ಪ್ಯಾಂಟು ಎಲ್ಲವೂ ಪ್ಲಾಸ್ಟಿಕ್ ಚೀಲದಲ್ಲಿ ಅವಳ ಜಗಲಿಗೆ ಬರುತ್ತವೆ. ಎರಡು ದಿನ ಬಿಟ್ಟು, ಕೊಂಡವರ ಮೈಗೆ ಒಪ್ಪುವಂತಾಗಿ ಹಿಂದಿರುಗುತ್ತವೆ.

ಗಂಡ ಗಿರಿಯಪ್ಪ ವಿದ್ಯುತ್ ಯೋಜನೆಯ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಕ್ವಾರ್ಟರ್ಸ್ ಬಿಟ್ಟ ಮೇಲೆ ಇಬ್ಬರೂ ಊರಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದಾರೆ. ಹೂವಮ್ಮನಿಗೆ ಈಗ ಐವತ್ತೆಂಟು. ಹೊಲಿಗೆ ಮಿಶನ್ನಿನ ಮುಂದೆ ಕೂತದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ.

ಸಡಿಲ ಬಟ್ಟೆಗೆ ಅಳತೆಯೇ ಬೇಡ ಎಂಬ ನಂಬಿಕೆಯೊಂದು ಹೆಂಗಸರಲ್ಲಿ ಬಲವಾಗಿದೆ. ಹೂವಮ್ಮನ ಪ್ರಕಾರ ಅಳತೆ ಮುಖ್ಯವಾಗಿ ಬೇಕಾದದ್ದೇ ಅದಕ್ಕೆ. ಬಿಗಿ ಬಟ್ಟೆ ತಪ್ಪಾದರೆ ಹಾಕಿದ ಕೂಡಲೇ ತಿಳಿಯುತ್ತದೆ. ಸಡಿಲ ಬಟ್ಟೆಯ ತಪ್ಪು ಮೆಟ್ಟಿಲು ಇಳಿಯುವ ತನಕ ತಿಳಿಯುವುದಿಲ್ಲ.

"ಆರಾಮ ಇರ್ಲಿ ಅಂತ ಡಬಲ್ ಎಕ್ಸೆಲ್ ತಂದೆ ಹೂವಕ್ಕ" ಎಂದು ಯಾರಾದರೂ ಚೀಲ ಬಿಚ್ಚಿದರೆ ಅವಳು ಮೊದಲು ನೋಡುವುದು ಹೆಗಲು.

"ಆರಾಮ ಬೇಕಾದ್ದು ಸೊಂಟಕ್ಕೆ, ಹೊಟ್ಟೆಗೆ. ಹೆಗಲಿಗಲ್ಲ. ಹೆಗಲು ಜಾರಿದ್ರೆ ಅದು ನೈಟಿ ಅಲ್ಲ ಮಾರಾಯ್ತಿ, ಗೋಣಿಚೀಲ" ಎನ್ನುತ್ತಾಳೆ.

ಆಮೇಲೆ ಬಟ್ಟೆ ಹಾಕಿಸಿ, ಮಣೆಯ ಮೇಲೆ ಕೂರಿಸಿ ಏಳಿಸುತ್ತಾಳೆ. ಅಟ್ಟದ ಡಬ್ಬ ತೆಗೆಯುವವರ ಹಾಗೆ ಕೈ ಎತ್ತಿಸುತ್ತಾಳೆ. ಕಸ ಗುಡಿಸುವವರ ಹಾಗೆ ಬಗ್ಗಿಸಿ ಕೊರಳು ನೋಡುತ್ತಾಳೆ. ಕೊನೆಗೆ ಬರಿಗಾಲಲ್ಲಿ ನೆಟ್ಟಗೆ ನಿಲ್ಲಿಸಿ, ತಾನು ನೆಲಕ್ಕೆ ಕೂತು, ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಅಂಚಿನ ಗುರುತು ಹಾಕುತ್ತಾಳೆ. ಈ ಒಂದು ಕೆಲಸವನ್ನು ಅವಳು ಟೇಪಿನ ಲೆಕ್ಕದ ಮೇಲೆ ಮಾಡುವುದಿಲ್ಲ. ಹಳೆಯ ಬಟ್ಟೆ ಕೊಟ್ಟು "ಇದರಷ್ಟೇ ಉದ್ದ ಮಾಡಿ" ಎಂದರೂ ಒಪ್ಪುವುದಿಲ್ಲ. ಹಾಕುವವರೇ ಬಂದು ನಿಲ್ಲಬೇಕು. ಎಂಜಿನಿಯರ ಹೆಂಡತಿ ಒಮ್ಮೆ ಡ್ರೈವರನ ಕೈಯಲ್ಲಿ ಮೂರು ನೈಟಿ ಕಳಿಸಿದಾಗ ಮೂರನ್ನೂ ಮಡಚಿ ಅವನ ಕೈಯಲ್ಲೇ ವಾಪಸು ಕಳಿಸಿದ್ದಳು.

ಇದು ಅವಳು ತಾಯಿಯ ಸಾವಿನಿಂದ ಕಲಿತ ಪಾಠ.

ತಾಯಿ ದುಗ್ಗಮ್ಮ ಶರಾವತಿ ಹಿನ್ನೀರಿನ ಹೊಳೆಬಾಗಿಲಿನ ಆಚೆ ದಡದ ಒಂದು ಹಳ್ಳಿಯಲ್ಲಿ ಹೂವಮ್ಮನ ತಮ್ಮನ ಮನೆಯವರೊಂದಿಗೆ ಇದ್ದಳು. ಎಪ್ಪತ್ತರ ಮೇಲೆ ಕೈಬೆರಳು ಸೆಟೆದುಕೊಂಡು, ಸೀರೆಯ ನೆರಿಗೆ ಹಿಡಿಯುವುದು ಅವಳಿಂದಾಗದೆ ಹೋಯಿತು. ಹೂವಮ್ಮ ಸಾಗರಕ್ಕೆ ಹೋಗಿ ಎರಡು ನೈಟಿ ತಂದಳು. ಆಗಿನ್ನೂ ಸೇತುವೆ ಇರಲಿಲ್ಲ, ಲಾಂಚಿನಲ್ಲೇ ದಾಟಬೇಕಿತ್ತು. ಹೊಳೆಯ ಆಚೆಗೆ ಬಟ್ಟೆ ಒಯ್ಯುವವರೆಲ್ಲ ಒಂದು ಸೈಜು ದೊಡ್ಡದನ್ನೇ ಕೊಳ್ಳುತ್ತಿದ್ದರು. ದೊಡ್ಡದಾದರೆ ಹೇಗೋ ಹಿಡಿಸಿಕೊಳ್ಳಬಹುದು. ಚಿಕ್ಕದಾದರೆ ಬದಲಾಯಿಸಲು ಒಂದು ದಿನ ಹಾಳು. ಮಕ್ಕಳ ಯೂನಿಫಾರಂ, ಗಂಡಸರ ಅಂಗಿ, ಮದುಮಗಳ ರವಿಕೆ, ಎಲ್ಲಕ್ಕೂ ಇದೇ ರೂಢಿ. ಹೂವಮ್ಮನೂ ಹಾಗೆಯೇ ಎಕ್ಸೆಲ್ ಕೊಂಡಳು. ದುಗ್ಗಮ್ಮನ ಎತ್ತರ ಐದಡಿಗೂ ಕಡಿಮೆ. ಬಟ್ಟೆ ನೆಲದ ಮೇಲೆ ಗೇಣುದ್ದ ಬಿತ್ತು. "ಸದ್ಯಕ್ಕೆ ಸೊಂಟಕ್ಕೊಂದು ಲಾಡಿ ಕಟ್ಕ ಅವ್ವ. ಮುಂದಿನ ಸಲ ಬಂದಾಗ ಮಡಚಿ ಹೊಲಿದು ಕೊಡ್ತೀನಿ" ಎಂದು ಹೇಳಿ ಬಂದಳು. ಗಂಡನ ನಿವೃತ್ತಿಯ ಗಡಿಬಿಡಿಯಲ್ಲಿ ಆ ಮುಂದಿನ ಸಲ ಬರುವುದು ತಡವಾಯಿತು. ಹತ್ತೊಂಬತ್ತನೆಯ ದಿನ ಬಚ್ಚಲಿನ ಮೆಟ್ಟಿಲಲ್ಲಿ ದುಗ್ಗಮ್ಮ ಅಂಚು ತುಳಿದು ಬಿದ್ದಳು. ಸೊಂಟ ಮುರಿಯಿತು. ಮೂರು ತಿಂಗಳು ಹಾಸಿಗೆಯಲ್ಲಿದ್ದು ಹೋದಳು.

ಹನ್ನೊಂದನೆಯ ದಿನದ ಕಾರ್ಯದಲ್ಲಿ, ನೆಂಟರೆಲ್ಲ ಎಲೆಯ ಮುಂದೆ ಕೂತಿದ್ದಾಗ ತಂಗಿ ನಾಗವೇಣಿ ಹೇಳಿದಳು. "ಅವ್ವನ್ನ ಕಾಯಿಲೆ ತಗಂಡು ಹೋಗ್ಲಿಲ್ಲ. ಅಕ್ಕ ತಂದ ನೈಟಿ ತಗಂಡು ಹೋತು."

ಹೂವಮ್ಮ ಸುಮ್ಮನಿದ್ದಿದ್ದರೆ ಅದು ದುಃಖದ ಮಾತು ಎಂದು ಎಲ್ಲರೂ ಮರೆಯುತ್ತಿದ್ದರು. ಆದರೆ ಅವಳು ಸುಮ್ಮನಿರಲಿಲ್ಲ. "ನಾನು ಅದನ್ನಾದ್ರೂ ತಂದೆ. ನೀನು ನಿಟ್ಟೂರಿಂದ ಎಂತ ತಂದಿದ್ದೆ?" ಎಂದಳು. ನಾಗವೇಣಿ ಬಡಿಸುತ್ತಿದ್ದ ಪಾತ್ರೆಯನ್ನು ಅಲ್ಲೇ ಇಟ್ಟು, ಗಂಡ ಮಂಜಯ್ಯನನ್ನು ಏಳಿಸಿಕೊಂಡು ಹೊರಟಳು. ಇದಾಗಿ ಒಂಬತ್ತು ವರ್ಷ.

ಇಬ್ಬರೂ ಅಷ್ಟು ಬೇಗ ದೂರವಾಗುವವರಲ್ಲ. ಹುಡುಗಿಯರಾಗಿದ್ದಾಗ ಇಬ್ಬರಿಗೂ ಸೇರಿ ಒಂದೇ ಒಳ್ಳೆಯ ದಾವಣಿ ಇತ್ತು. ಒಂದು ದಿನ ಅಕ್ಕ, ಒಂದು ದಿನ ತಂಗಿ. ಆರು ವರ್ಷದ ಅಂತರವಿದ್ದರೂ ನಾಗವೇಣಿ ಬೇಗ ಬೆಳೆದು ಅಕ್ಕನ ಹೆಗಲಿಗೆ ಹೆಗಲು ಕೊಟ್ಟಿದ್ದಳು. ಹಿಂದಿನಿಂದ ನೋಡಿದ ತಾಯಿಯೇ ಒಬ್ಬಳನ್ನು ಇನ್ನೊಬ್ಬಳ ಹೆಸರಿನಿಂದ ಕರೆಯುತ್ತಿದ್ದಳು. ಈಗಲೂ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಅಂಥದೊಂದು ಬೆನ್ನು ಕಂಡರೆ ಹೂವಮ್ಮ ಮುಂದೆ ಹೋಗಿ ಮುಖ ನೋಡುತ್ತಾಳೆ. ನೋಡಿ, ಬಸ್ಸಿನ ಬೋರ್ಡು ಓದಲು ಬಂದವಳ ಹಾಗೆ ನಿಲ್ಲುತ್ತಾಳೆ.

ಹೆಚ್ಚು ಕಾಡುತ್ತಿದ್ದದ್ದು ಸಣ್ಣ ಸಂಗತಿಗಳು. ಪೋಸ್ಟಾಫೀಸಿನ ಹೆಂಗಸು ಮುದ್ರೆ ಒತ್ತುವಾಗ ತುದಿ ನಾಲಗೆ ಕಚ್ಚಿಕೊಳ್ಳುತ್ತಾಳೆ, ಅವ್ವ ರೊಟ್ಟಿ ತಟ್ಟುವಾಗ ಕಚ್ಚಿಕೊಳ್ಳುತ್ತಿದ್ದ ಹಾಗೆಯೇ. ಇದನ್ನು ಗಿರಿಯಪ್ಪನಿಗೆ ಹೇಳಿದರೆ "ಹೌದಾ" ಎನ್ನುತ್ತಾನೆ. ನಗು ಬರುವುದು ನಾಗವೇಣಿಗೆ ಮಾತ್ರ. ಹೀಗೆ ಅವಳೊಬ್ಬಳಿಗೇ ಹೇಳಬಹುದಾದ ಮಾತುಗಳು ಒಂಬತ್ತು ವರ್ಷದಿಂದ ಹೇಳದೆ ಉಳಿದಿದ್ದವು. ಕೆಲವು ಮರೆತೂ ಹೋಗಿದ್ದವು. ಮರೆತುಹೋಗಿದೆ ಎಂದು ಹೊಳೆದಾಗ ಹೂವಮ್ಮನಿಗೆ ಕೈಯಲ್ಲಿದ್ದ ಕೆಲಸ ಸಾಗುತ್ತಿರಲಿಲ್ಲ.

ನಡುವೆ ಉಳಿದಿದ್ದ ಒಂದೇ ಕೊಂಡಿ ನಾಗವೇಣಿಯ ಮಗಳು ರಕ್ಷಾ. ತೀರ್ಥಹಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಇವಳು ಯುಗಾದಿಗೆ, ದೀಪಾವಳಿಗೆ ದೊಡ್ಡಮ್ಮನಿಗೆ ಫೋನ್ ಮಾಡುತ್ತಾಳೆ. ತಾಯಿ ಮಾಡು ಎಂದಿಲ್ಲ, ಬೇಡ ಎಂದೂ ಇಲ್ಲ. ಕಳೆದ ಕಾರ್ತಿಕದಲ್ಲಿ ಹಬ್ಬವಿಲ್ಲದ ದಿನ ಅವಳ ಫೋನ್ ಬಂತು.

"ದೊಡ್ಡಮ್ಮ, ಗಾಬರಿ ಆಗ್ಬೇಡಿ. ಅಮ್ಮ ಕೊಟ್ಟಿಗೆಲಿ ಜಾರಿ ಬಿದ್ಲು. ಬಲರಟ್ಟೆ ಮುರಿದಿತ್ತು. ಪ್ಲೇಟ್ ಹಾಕಿದಾರೆ, ಈಗ ಅಡ್ಡಿಲ್ಲ."

ಹೂವಮ್ಮನ ಮನಸ್ಸಿಗೆ ಮೊದಲು ಬಂದ ಮಾತು, ಬಿದ್ದಾಗ ಅವಳು ಸೀರೆಯನ್ನೇ ಉಟ್ಟಿದ್ದಿರಬೇಕು ಎಂಬುದು. ಬೀಳುವುದಕ್ಕೆ ನೈಟಿಯೇ ಬೇಕೆಂದಿಲ್ಲ. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಈಗ ಎಂತ ಆಗ್ಬೇಕು ಹೇಳು."

"ಸೀರೆ ಉಡಕ್ಕಾಗಲ್ಲ, ರವಿಕೆ ತೋಳು ಏರಲ್ಲ. ನೈಟಿ ಅಂದ್ರೆ ಹಾಕಲ್ಲ ಅಂತ ಹಟ. ಅಪ್ಪನ ಅಂಗಿ, ಒಳಲಂಗ ಹಾಕ್ಕಂಡು ಕೂತಿದಾಳೆ. ಯಾರಾದ್ರೂ ಬಂದ್ರೆ ಕಂಬಳಿ ಹೊದ್ಕತಾಳೆ. ನಾನು ಆನ್‌ಲೈನಲ್ಲಿ ಒಂದು ತರ್ಸಿದ್ದೆ, ಫ್ರೀ ಸೈಜ್ ಅಂತ. ಒಳಗೆ ಇಬ್ರು ಹಿಡೀತಾರೆ."

"ಫ್ರೀ ಸೈಜ್ ಅಂದ್ರೆ ಯಾರಿಗೂ ಆಗದ ಸೈಜ್. ಅವಳ ಅಳತೆ ಬೇಕು ನಂಗೆ. ಹೆಗಲಿಂದ ಹೆಗಲಿಗೆ, ಎದೆಸುತ್ತು, ಹೆಗಲಿಂದ ಹಿಮ್ಮಡಿಗೆ. ಟೇಪು ಹಿಡಿದ್ರೆ ಯಾರು ಹೊಲಿಯದು ಅಂತ ಕೇಳ್ತಾಳೆ."

"ಕೇಳ್ತಾಳೆ. ನಾನು ಎಂತಾದ್ರೂ ಮಾಡ್ತೀನಿ."

ರಕ್ಷಾ ಮಾಡಿದ್ದು ಹೀಗೆ. ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಬದಲಾಯಿಸುವ ದಿನ, ಮಂಚದ ಮೇಲೆ ಮಲಗಿದ್ದ ತಾಯಿಯ ಮೈಮೇಲೆ ಬ್ಯಾಂಡೇಜ್ ಬಟ್ಟೆಯ ಸುರುಳಿ ಬಿಚ್ಚಿ, ಸುತ್ತುವ ನೆವದಲ್ಲಿ ಅಳೆದು, ಮೂರು ಕಡೆ ಗಂಟು ಹಾಕಿಕೊಂಡಳು. ಅದನ್ನು ಕವರಿನಲ್ಲಿ ಹಾಕಿ ಸಾಗರದ ಬಸ್ಸಿನ ಡ್ರೈವರನ ಕೈಗೆ ಕೊಟ್ಟಳು. ಹೂವಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಾದು ಇಸಿದುಕೊಂಡಳು.

ಮನೆಗೆ ಬಂದು ಬಾಗಿಲು ಹಾಕಿ, ಆ ಬಿಳಿ ಪಟ್ಟಿಯನ್ನು ತನ್ನ ಮೈಮೇಲೆ ಹಿಡಿದು ನೋಡಿದಳು. ಹೆಗಲು ತನ್ನದರಷ್ಟೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎದೆಯ ಸುತ್ತಿಗೆ ಬಂದಾಗ ಗಂಟು ಮುಟ್ಟಲೇ ಇಲ್ಲ. ಪಟ್ಟಿ ನಾಲ್ಕು ಬೆರಳು ಕಡಿಮೆಯಾಯಿತು. ನಾಗವೇಣಿ ಯಾವತ್ತೂ ಅಕ್ಕನಿಗಿಂತ ಮೈಕೈ ತುಂಬಿಕೊಂಡವಳು. ಎಷ್ಟು ಇಳಿದುಹೋಗಿದ್ದಾಳೆ, ಯಾವಾಗ ಇಳಿದಳು, ಕಾಯಿಲೆಯಿಂದಲೋ ವಯಸ್ಸಿನಿಂದಲೋ, ಗಂಟು ಹೇಳಲಿಲ್ಲ. ಹೂವಮ್ಮ ಪಟ್ಟಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಗಿರಿಯಪ್ಪ ಹೊರಗಿನಿಂದ ಕಾಫಿ ಕೇಳಿದಾಗ ಬಾಗಿಲು ತೆಗೆದಳು.

ಮಾರನೆಯ ದಿನ ಸಾಗರಕ್ಕೆ ಹೋದಳು. ರೆಡಿಮೇಡ್ ಅಂಗಡಿಯ ತನುಜಾ ಅವಳನ್ನು ಎಂಟು ವರ್ಷದಿಂದ ಬಲ್ಲಳು.

"ಬನ್ನಿ ಹೂವಕ್ಕ. ಇವತ್ತು ಯಾರ ಮೈಗೆ?"

"ತಂಗಿಗೆ."

"ತಂಗಿ ಇದಾಳಾ ನಿಮ್ಗೆ? ಇಷ್ಟು ವರ್ಷದಲ್ಲಿ ಹೇಳೇ ಇಲ್ಲ."

"ಈಗ ಹೇಳಿದ್ನಲ್ಲ. ಹತ್ತಿದು ತೆಗಿ, ಎದುರಿಗೆ ಗುಂಡಿ ಇರದು. ರಟ್ಟೆ ಮುರಿದಿದೆ."

"ಹಂಗಾದ್ರೆ ನೈಟಿ ಎಂತಕ್ಕೆ, ಅಂಗಿ ತರದ ಕುರ್ತಾ ಬಂದಿದೆ, ಜೊತೆಗೆ ಅಗಲ ಪ್ಯಾಂಟು. ಈಗ ವಯಸ್ಸಾದೋರೂ ಹಾಕ್ತಾರೆ."

ಹೂವಮ್ಮ ಅದನ್ನೂ ಬಿಡಿಸಿ ನೋಡಿದಳು. ನೈಟಿ ಎಂಬ ಹೆಸರಿನಿಂದಲೇ ತಪ್ಪಿಸಿಕೊಳ್ಳಬಹುದಿತ್ತು. ಪ್ಯಾಂಟಿನ ಇಲಾಸ್ಟಿಕ್ಕನ್ನು ಒಂದೇ ಕೈಯಲ್ಲಿ ಎಳೆದಳು. ಒಂದು ಪಕ್ಕ ಮೇಲೆ ಬಂತು, ಇನ್ನೊಂದು ಪಕ್ಕ ಕೆಳಗೇ ಉಳಿಯಿತು. ಬಚ್ಚಲಿಗೆ ಹೋದಾಗಲೆಲ್ಲ ನಾಗವೇಣಿ ಯಾರನ್ನಾದರೂ ಕರೆಯಬೇಕಾಗುತ್ತದೆ. ಅವಳು ಕರೆಯುವವಳಲ್ಲ.

"ಬೇಡ. ನೈಟಿನೇ ತೆಗಿ."

ತನುಜಾ ಮೀಡಿಯಂ ಮತ್ತು ಲಾರ್ಜ್ ಎರಡನ್ನೂ ಹಾಸಿದಳು. ಮೀಡಿಯಮ್ಮಿನ ಹೆಗಲು ಬ್ಯಾಂಡೇಜ್ ಪಟ್ಟಿಗೆ ಸರಿಯಾಗಿ ಕೂತಿತು. ಆದರೆ ತೋಳು ಕಿರಿದು, ಕಟ್ಟು ಹಾಕಿದ ರಟ್ಟೆ ಏರುವುದಿಲ್ಲ. ಲಾರ್ಜಿನ ತೋಳು ಏರುತ್ತದೆ, ಹೆಗಲು ಒಂದೂವರೆ ಬೆರಳು ಜಾರುತ್ತದೆ.

"ಎಲ್ಲಿರದು ನಿಮ್ಮ ತಂಗಿ? ದೂರ ಆದ್ರೆ ದೊಡ್ಡದೇ ತಗಳಿ. ಬದಲಾಯ್ಸಕ್ಕೆ ಬರದು ಕಷ್ಟ. ಹೊಳೆ ಆಚೆಯೋರಿಗೆ ನಾವು ಹಂಗೇ ಕೊಡ್ತಿದ್ದದ್ದು. ಸೇತುವೆ ಆಗಿ ಬಸ್ಸು ಓಡಾಡಿದ್ರೂ ಕೆಲವರು ಈಗ್ಲೂ ಹಂಗೇ ಕೇಳ್ತಾರೆ" ಎಂದು ತನುಜಾ ನಕ್ಕಳು.

ಹೂವಮ್ಮನ ಕೈ ಬಟ್ಟೆಯ ಮೇಲೆ ನಿಂತಿತು. ತನುಜಾ ಏನು ತಪ್ಪಾಯಿತೆಂದು ತಿಳಿಯದೆ ಅವಳ ಮುಖ ನೋಡಿದಳು.

"ಒಂದು ರಟ್ಟೆಗೋಸ್ಕರ ಇಡೀ ಮೈಗೆ ದೊಡ್ಡದು ಹಾಕದಲ್ಲ. ರಟ್ಟೆಗೆ ಮಾತ್ರ ಜಾಗ ಮಾಡದು. ಮೀಡಿಯಂ ಕೊಡು" ಎಂದಳು ಹೂವಮ್ಮ.

ಬೂದು ಬಣ್ಣದ ಮೇಲೆ ಸಣ್ಣ ಕಪ್ಪು ಚುಕ್ಕೆಯ ನೈಟಿ. ಮನೆಗೆ ತಂದು ಎರಡು ಸಲ ಒಗೆದು ಒಣಗಿಸಿದಳು, ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ ಎಂದು. ಬಲತೋಳನ್ನು ಹೆಗಲಿನಿಂದ ಕೊನೆಯವರೆಗೆ ಸೀಳಿ, ಸೀಳಿನ ಎರಡೂ ಬದಿ ಮಡಚಿ ಹೊಲಿದು, ನಾಲ್ಕು ಜೊತೆ ಲಾಡಿ ಇಟ್ಟಳು. ಕೈ ಎತ್ತುವುದೇ ಬೇಡ, ಬಟ್ಟೆಯನ್ನು ರಟ್ಟೆಯ ಮೇಲೆ ಹಾಸಿ ಕಟ್ಟಿದರಾಯಿತು. ಅಂಚನ್ನು ಮಾತ್ರ ಮುಟ್ಟಲಿಲ್ಲ.

"ಉದ್ದಕ್ಕೆ ಮೂರನೇ ಗಂಟು ಇದೆಯಲ್ಲ ದೊಡ್ಡಮ್ಮ. ಹೊಲಿದು ಬಸ್ಸಿಗೆ ಹಾಕಿ" ಎಂದಳು ರಕ್ಷಾ ಫೋನಿನಲ್ಲಿ.

"ಅದು ಮಲಗಿದ್ದಾಗ ಹಿಡಿದ ಉದ್ದ. ಕೈಗೆ ಕಟ್ಟು ಹಾಕ್ಕಂಡೋರು ನಿಂತಾಗ ಒಂದು ಕಡೆ ವಾಲ್ತಾರೆ. ಒಂದು ಪಕ್ಕ ಮೇಲೆ ಹೋಗ್ತದೆ, ಒಂದು ಪಕ್ಕ ನೆಲಕ್ಕೆ ಬರ್ತದೆ. ಅವಳು ನಿಲ್ಬೇಕು, ನಾನು ನೋಡ್ಬೇಕು."

"ಗುರುವಾರ ನಂಗೆ ರಜೆ. ಮನೇಲಿರ್ತೀನಿ" ಎಂದಳು ರಕ್ಷಾ.

ಗಿರಿಯಪ್ಪನಿಗೆ ಇದು ಸರಿಕಾಣಲಿಲ್ಲ. "ಅವಳು ಬಾಗ್ಲು ಹಾಕ್ಕಂಡ್ರೆ ಎಂತ ಮಾಡ್ತಿ?"

"ಬಾಗ್ಲು ಹಾಕ್ಕಂಡ್ರೆ ವಾಪಸ್ ಬರ್ತೀನಿ. ಇಲ್ಲಿ ಕೂತ್ರೆ ಎಂತ, ಬಾಗ್ಲು ತೆಗೆದಂಗಾ?"

ಗುರುವಾರ ಬೆಳಗಿನ ಬಸ್ಸಿಗೆ ಸಾಗರ, ಅಲ್ಲಿಂದ ಹೊಸನಗರ, ಅಲ್ಲಿಂದ ನಿಟ್ಟೂರು. ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಹೊಸನಗರ ದಾಟಿದ ಮೇಲೆ ಒಮ್ಮೆ, ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಿರುಗಿದರೆ ಹೇಗೆ ಎಂದು ಯೋಚಿಸಿದಳು. ಸ್ಟಾಪು ಬಂತು, ಹೋಯಿತು.

ನಾಗವೇಣಿ ಜಗಲಿಯ ಬೆಂಚಿನ ಮೇಲೆ ಕೂತಿದ್ದಳು. ಮಂಜಯ್ಯನ ನೀಲಿ ಗೀಟಿನ ಅಂಗಿ. ಒಂದೇ ಕೈಯಲ್ಲಿ ಬಾಚಿದ ತಲೆ, ಬೈತಲೆ ಸೊಟ್ಟ. ಕೂದಲು ಪೂರಾ ಬಿಳಿ. ಅಕ್ಕನ ತಲೆಗಿಂತ ಬಿಳಿ. ಅವಳು ಕಂಬಳಿಗೆ ಕೈ ಹಾಕಿ, ಬಂದವಳು ಯಾರೆಂದು ಕಂಡು, ಹೊದೆಯದೆ ಬಿಟ್ಟಳು.

"ಯಾರೋ ಹೊಲಿಯೋರು ಬರ್ತಾರೆ ಅಂದಿದ್ಲು ರಕ್ಷಾ."

"ನಾನೇ."

"ಕಾಣ್ತದೆ. ಚೀಲದಲ್ಲಿ ಎಂತದು?"

"ನೈಟಿ."

ಬಾಗಿಲಲ್ಲಿ ನಿಂತಿದ್ದ ರಕ್ಷಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಧೈರ್ಯ ಇದೆ ನಿಂಗೆ" ಎಂದಳು ನಾಗವೇಣಿ.

"ಧೈರ್ಯ ಎಂತದು. ಒಂದು ಕೈಲಿ ಹಾಕ್ಕಳಕ್ಕೆ ಬೇರೆ ಎಂತನೂ ಆಗಲ್ಲ, ಎಲ್ಲಾ ನೋಡಿ ಬಂದೆ. ಈ ಅಂಗಿಲಿ ಎಷ್ಟು ದಿನ ಕೂರ್ತಿ? ಬಸ್ ಕಂಡಕ್ಟರ್ ಕಂಡಂಗೆ ಕಾಣ್ತಿ."

ನಾಗವೇಣಿಯ ತುಟಿಯ ಕೊನೆ ಅಲುಗಿತು. ಅವಳು ಅದನ್ನು ಬಿಗಿಹಿಡಿದು ಅಂಗಳದ ಕಡೆ ನೋಡಿದಳು. ಹೂವಮ್ಮ ಚೀಲವನ್ನು ಬೆಂಚಿನ ಇನ್ನೊಂದು ತುದಿಗೆ ಇಟ್ಟು, ಕಂಬಕ್ಕೆ ಒರಗಿ ನಿಂತಳು. ಹಾಕಿಕೋ ಎಂದು ಹೇಳಲಿಲ್ಲ. ರಸ್ತೆಯಲ್ಲಿ ಒಂದು ಜೀಪು ಹೋಯಿತು. ನಾಗವೇಣಿ ಎಡಗೈಯಿಂದ ಚೀಲ ಎಳೆದುಕೊಂಡು, ಸೀಳಿದ ತೋಳನ್ನು, ಲಾಡಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು. ರಕ್ಷಾ ಹಿಂದೆಯೇ ಹೋದಳು.

ಹೊರಗೆ ಬಂದಾಗ ಹೆಗಲು ಇರಬೇಕಾದಲ್ಲಿ ಇತ್ತು. ಬಲರಟ್ಟೆಯ ಮೇಲೆ ಲಾಡಿಗಳು ಸರಿಯಾಗಿ ಕೂತಿದ್ದವು. ಅಂಚು ಮಾತ್ರ ನೆಲದ ಮೇಲೆ ಹರಡಿತ್ತು. ಹೊಸಿಲು ದಾಟಲು ನಾಗವೇಣಿ ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು. ಮೂವರ ಕಣ್ಣೂ ಅಲ್ಲೇ ಇತ್ತು.

"ಕೈ ಬಿಡು. ನೆಟ್ಟಗೆ ನಿಲ್ಲು" ಎಂದಳು ಹೂವಮ್ಮ.

ಅವಳು ನೆಲಕ್ಕೆ ಕೂತು ಪಿನ್ನುಗಳನ್ನು ತುಟಿಯಲ್ಲಿ ಹಿಡಿದುಕೊಂಡಳು. ಎಣಿಸಿದಂತೆಯೇ ನಾಗವೇಣಿ ಎಡಕ್ಕೆ ವಾಲುತ್ತಿದ್ದಳು. ಹೂವಮ್ಮ ಒಂದು ಪಕ್ಕದಲ್ಲಿ ಹೆಚ್ಚು, ಇನ್ನೊಂದು ಪಕ್ಕದಲ್ಲಿ ಕಡಿಮೆ ಮಡಚುತ್ತ ಹಿಮ್ಮಡಿಯ ಸುತ್ತ ಬಂದಳು. ಕಣ್ಣ ಮುಂದಿದ್ದದ್ದು ಒಡೆದ ಹಿಮ್ಮಡಿ, ಗಿಡ್ಡ ಬೆರಳು, ಅಗಲ ಪಾದ. ಅವ್ವನದೇ ಪಾದ.

ತಲೆಯ ಮೇಲಿನಿಂದ ನಾಗವೇಣಿಯ ಮಾತು ಬಂತು. "ಅವ್ವನ್ನೂ ಹಿಂಗೇ ನಿಲ್ಸಿ ಗುರುತು ಹಾಕಿದ್ರೆ ಆಗಿತ್ತು."

ಈ ಒಂಬತ್ತು ವರ್ಷದಲ್ಲಿ ಹೂವಮ್ಮ ಇದಕ್ಕೆ ಎಷ್ಟೋ ಉತ್ತರ ಕಟ್ಟಿ ಇಟ್ಟುಕೊಂಡಿದ್ದಳು. ಲಾಂಚು, ದೂರ, ಗಂಡನ ನಿವೃತ್ತಿ, ಎಲ್ಲರೂ ಹಾಗೇ ಕೊಳ್ಳುತ್ತಿದ್ದ ರೂಢಿ. ತುಟಿಯಿಂದ ಪಿನ್ನು ತೆಗೆದಳು.

"ಹೌದು. ಹಾಕ್ಬೇಕಿತ್ತು. ಹಾಕ್ಲಿಲ್ಲ."

ನಾಗವೇಣಿ ತಪ್ಪು ನನ್ನದೂ ಇತ್ತು ಎನ್ನಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಹೂವಮ್ಮ ಹಿಂದಿನ ಭಾಗಕ್ಕೆ ಸರಿದು ಇನ್ನೆರಡು ಪಿನ್ನು ಚುಚ್ಚಿದಳು.

"ಹಿಂದೆ ಇನ್ನೊಂದು ಬೆರಳು ಎತ್ತು" ಎಂದಳು ನಾಗವೇಣಿ ಕೊನೆಗೆ. "ಬಚ್ಚಲು ಮೆಟ್ಲು ಎತ್ತರ ಇಲ್ಲಿ."

ಹೂವಮ್ಮ ಒಂದು ಬೆರಳು ಎತ್ತಿದಳು. ಜಗಲಿಯಲ್ಲೇ ಕೂತು ಕೈಹೊಲಿಗೆಯಲ್ಲಿ ಅಂಚು ಮುಗಿಸುವಾಗ ಮಧ್ಯಾಹ್ನವಾಗಿತ್ತು. ನಾಗವೇಣಿ ಮತ್ತೆ ಗಂಡನ ಅಂಗಿ ಹಾಕಿಕೊಂಡು ಎದುರು ಬೆಂಚಿನಲ್ಲಿ ಸೂಜಿಯನ್ನೇ ನೋಡುತ್ತ ಕೂತಿದ್ದಳು. "ದೊಡ್ಡಮ್ಮಂಗೆ ಊಟ ಹಾಕು" ಎಂದು ಹೇಳಿದ್ದು ಮಗಳಿಗೆ. ಊಟದಲ್ಲಿ ಮಾತೆಲ್ಲ ರಕ್ಷಾಳದೇ. ಹೂವಮ್ಮ ತಂಗಿ ಎಡಗೈಯಲ್ಲಿ ಚಮಚ ಹಿಡಿದು ಅನ್ನ ಎತ್ತುವುದನ್ನು ನೋಡಿದಳು. ಕಲೆಸಿ ತುತ್ತು ಕೊಡಬೇಕೆನ್ನಿಸಿತು. ಕೊಡಲಿಲ್ಲ.

ಹೊಲಿದ ನೈಟಿ ಹಾಕಿಕೊಂಡು ನಾಗವೇಣಿ ಬಚ್ಚಲಿಗೆ ಹೋಗಿಬಂದಳು. ಹೂವಮ್ಮ ನಡುಮನೆಯ ಬಾಗಿಲಲ್ಲಿ ನಿಂತು ಅವಳ ಕಾಲನ್ನೇ ನೋಡಿದಳು. ಮೂರು ಮೆಟ್ಟಿಲು ಇಳಿಯುವಾಗ, ಮೂರು ಮೆಟ್ಟಿಲು ಹತ್ತುವಾಗ ಅಂಚು ಎಲ್ಲೂ ನೆಲ ಮುಟ್ಟಲಿಲ್ಲ.

ಮೂರೂವರೆಯ ಬಸ್ಸಿಗೆ ಹೊರಟಾಗ ನಾಗವೇಣಿ ಗೇಟಿನ ತನಕ ಬಂದಳು.

"ಇದು ಒಗೆದ ದಿನ ಹಾಕಕ್ಕೆ ಇನ್ನೊಂದು ಬೇಕು" ಎಂದಳು. "ಅಳತೆ ಗೊತ್ತಾತಲ್ಲ. ಹೊಲಿದು ಬಸ್ಸಿಗೆ ಹಾಕು, ರಕ್ಷಾ ಇಳಿಸ್ಕತಾಳೆ."

"ಬಸ್ಸಿಗೆ ಹಾಕಕ್ಕೆ ಬರಲ್ಲ. ಬಟ್ಟೆ ಬೇರೆ ಆದ್ರೆ ಬೀಳದೂ ಬೇರೆ ಆಗ್ತದೆ. ಅಂಚನ್ನ ನಿಂತೋರ ಮೇಲೇ ಗುರುತು ಹಾಕ್ಬೇಕು."

ನಾಗವೇಣಿ ಗೇಟಿನ ಚಿಲಕವನ್ನು ಎಡಗೈಯಲ್ಲಿ ಹಿಂದೆ ಮುಂದೆ ಸರಿಸಿದಳು. ಅಕ್ಕನ ಮುಖ ನೋಡಲಿಲ್ಲ.

"ಹಂಗಾರೆ ಸೋಮವಾರ ಬರ್ಬೇಡ. ಡ್ರೆಸ್ಸಿಂಗಿಗೆ ತೀರ್ಥಹಳ್ಳಿಗೆ ಹೋಗಿರ್ತೀನಿ."

"ಆತು" ಎಂದಳು ಹೂವಮ್ಮ.